ಗಾಜಿಲ್ಲದ ಫ್ರೇಮ್: ಪ್ರಿಂಟ್ ಗುಳ್ಳೆ ಏಳ್ತಿದೆ, ಹಲಗೆ ಬಾಗ್ತಿದೆ

ಪ್ರಶ್ನೆ: ಎ3 ಇಂಕ್‌ಜೆಟ್ ಪ್ರಿಂಟನ್ನು 6 ಮಿಮೀ ಎಂಡಿಎಫ್‌ಗೆ (ಮರದ ನಾರು ಒತ್ತಿ ಮಾಡಿದ ಹಲಗೆ) ಫೆವಿಕಾಲ್‌ನಲ್ಲಿ ಅಂಟಿಸಿದ್ದೀನಿ. ಗಾಜು ಬೇಡ, ಮೇಲೆ ವಾರ್ನಿಷ್ ಸಾಕು. ತಪ್ಪೆಲ್ಲಿ?

ಉತ್ತರ 1: ಎಂಡಿಎಫ್ ಅಂಟನ್ನು ಹೀರಿಕೊಳ್ಳುತ್ತೆ, ಹೀರಿದ ಜಾಗದಲ್ಲಿ ಕಾಗದ ಹಿಡಿಯಲ್ಲ, ಅದೇ ಗುಳ್ಳೆ. ಮೊದಲು ನೀರು ಬೆರೆಸಿದ ಫೆವಿಕಾಲ್ ಒಂದು ಕೋಟ್ ಬಳಿದು ರಾತ್ರಿ ಒಣಗಿಸಿ, 220 ನಂಬರ್ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ. ಆಮೇಲೆ ನೀರು ಬೆರೆಸದ ಅಂಟನ್ನು ಹಲಗೆಗೆ ಮಾತ್ರ, ಫೋಮ್ ರೋಲರ್‌ನಲ್ಲಿ ತೆಳ್ಳಗೆ. ಪ್ರಿಂಟ್ ಇಟ್ಟು, ಮೇಲೆ ಬಟರ್ ಪೇಪರ್ ಹಾಸಿ, ನಡುವಿನಿಂದ ಅಂಚಿಗೆ ರೋಲ್ ಮಾಡಿ. ಪ್ರಿಂಟ್ ಹಲಗೆಗಿಂತ ಸುತ್ತಲೂ 5 ಮಿಮೀ ದೊಡ್ಡದಿರಲಿ. ಒಣಗಿದ ಮೇಲೆ ಹೆಚ್ಚುವರಿ ಅಂಚನ್ನು ಹಿಂಬದಿಯಿಂದ ಹೊಸ ಬ್ಲೇಡಲ್ಲಿ ಕೊಯ್ಯಿರಿ.

ಉತ್ತರ 2: ಬಾಗೋದು ಒಂದೇ ಕಡೆ ಎಳೆತ ಬೀಳೋದರಿಂದ. ಹಿಂಬದಿಗೂ ಅಷ್ಟೇ ದಪ್ಪದ ಕಾಗದವನ್ನು ಅದೇ ದಿನ ಅಂಟಿಸಿ, ರಾತ್ರಿಯಿಡೀ ಭಾರ ಹೇರಿ.

ಉತ್ತರ 3: ವಾರ್ನಿಷ್‌ಗೆ ಮುಂಚೆ ಬೇಡದ ಪ್ರಿಂಟ್ ಮೇಲೆ ಒದ್ದೆ ಹತ್ತಿ ಒತ್ತಿ ನೋಡಿ. ಹತ್ತಿಗೆ ಬಣ್ಣ ಬಂದರೆ ಅದು ಡೈ ಇಂಕ್, ಅಂದ್ರೆ ನೀರಲ್ಲಿ ಕರಗೋ ಬಣ್ಣ. ನೀರಿನ ವಾರ್ನಿಷ್ ಬ್ರಷ್‌ನಲ್ಲಿ ಬಳಿದರೆ ಹರಡೋದೇ. ಅಕ್ರಿಲಿಕ್ ಸ್ಪ್ರೇ, 25–30 ಸೆಂಮೀ ದೂರದಿಂದ, ತೆಳುವಾಗಿ 3 ಕೋಟ್. ಮಳೆ ಹಿಡಿದ ದಿನ ಬೇಡ, ತೇವಕ್ಕೆ ಬೆಳ್ಳಗಾಗುತ್ತೆ.

ಉತ್ತರ 4: ಇದೆಲ್ಲ ಮತ್ತೆ ಪ್ರಿಂಟ್ ತೆಗೆಸಬಹುದಾದ ಚಿತ್ರಕ್ಕೆ. ಕಲಾವಿದರ ಸಹಿಯಿರೋ ಲಿನೋಕಟ್, ಎಚಿಂಗ್‌ನಂಥ ಕೈಯಚ್ಚಿನ ಚಿತ್ರಗಳಿಗೆ ಫೆವಿಕಾಲ್ ಮುಟ್ಟಿಸಲೇಬೇಡಿ, ಬಿಡಿಸೋಕಾಗಲ್ಲ. ಅವಕ್ಕೆ ಗಾಜಿನ ಬದಲು ಮುಂದೆ ಅಕ್ರಿಲಿಕ್ ಶೀಟ್ ಹಾಕಿಸಿ.