ಲೆಗ್ ಯೀಲ್ಡ್ ಮಾಡಿಸಿದರೆ ಬರೀ ಕತ್ತು ತಿರುಗುತ್ತದೆ, ಏನು ಮಾಡಲಿ?

ಪ್ರಶ್ನೆ:
ನನ್ನ ಹತ್ತಿರ ಸವಾರಿ ಕಲಿಯುತ್ತಿರುವ ಒಬ್ಬಳಿಗೆ ಲೆಗ್ ಯೀಲ್ಡ್, ಅಂದರೆ ಕಾಲಿನ ಒತ್ತಡಕ್ಕೆ ಕುದುರೆ ಮುಂದೆ ಹೋಗುತ್ತಲೇ ಪಕ್ಕಕ್ಕೆ ಸರಿಯುವುದನ್ನು, ಹೇಳಿಕೊಡುತ್ತಿದ್ದೇನೆ. ಕಷ್ಟ ಏನೆಂದರೆ ಅದು ಅವಳಿಗೂ ಹೊಸದು, ಕುದುರೆಗೂ ಹೊಸದು. ಎಡಗಾಲು ಒತ್ತಿ ಬಲಕ್ಕೆ ಸರಿಸು ಅಂದರೆ ಎಡ ಲಗಾಮು ಎಳೆಯುತ್ತಾಳೆ, ಕತ್ತು ಎಡಕ್ಕೆ ಮಡಚಿಕೊಳ್ಳುತ್ತದೆ, ಬಲ ಭುಜ ಮುಂದೆ ಜಾರುತ್ತದೆ, ಹಿಂಗಾಲು ಎಲ್ಲೋ ಉಳಿದುಬಿಡುತ್ತದೆ. ಇನ್ನೂ ಜೋರಾಗಿ ಒತ್ತಿದರೆ ನಡಿಗೆ ಬಿಟ್ಟು ಕುಕ್ಕುಲೋಟಕ್ಕೆ, ಅಂದರೆ ಟ್ರಾಟ್‌ಗೆ ಹೊರಡುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1:
ಎಡ ಲಗಾಮು ಎಳೀಬೇಡ ಅಂತ ಕೂಗಿ ಪ್ರಯೋಜನ ಇಲ್ಲ. ಬಲ ಲಗಾಮು ಸಡಿಲ ಇರುತ್ತದೆ, ನೋಡಿ. ಭುಜ ಜಾರದಂತೆ ತಡೆಯುವುದು ಅದೇ ಅಲ್ವಾ? ಕುದುರೆಯ ಎಡಗಣ್ಣಿನ ರೆಪ್ಪೆ ಕಂಡರೆ ಸಾಕು, ಅದಕ್ಕಿಂತ ಜಾಸ್ತಿ ಕತ್ತು ತಿರುಗಿಸಬಾರದು.

ಮೊದಲು ನಿಂತಲ್ಲೇ ಮಾಡಿಸಿ. ಮುಂಗಾಲು ಹೆಚ್ಚುಕಡಿಮೆ ಅಲ್ಲೇ ಇರಲಿ, ಹಿಂಗಾಲು ಮಾತ್ರ ಅದರ ಸುತ್ತ ಒಂದೊಂದೇ ಹೆಜ್ಜೆ ಸರಿಯಲಿ. ನೀವು ಪಕ್ಕದಲ್ಲಿ ನಿಂತು, ಅವಳ ಕಾಲಿನ ಹಿಂದೆಯೇ ಕುದುರೆಯ ಹೊಟ್ಟೆಗೆ ಬೆರಳಿನಿಂದ ಒತ್ತಿ. ಒಂದು ಹೆಜ್ಜೆ ಕೊಟ್ಟ ಕೂಡಲೇ ಇಬ್ಬರೂ ಬಿಟ್ಟುಬಿಡಿ. ಬಿಟ್ಟಾಗಲೇ ಕುದುರೆಗೆ ತಾನು ಮಾಡಿದ್ದು ಸರಿ ಅಂತ ಗೊತ್ತಾಗುವುದು. ಒತ್ತುತ್ತಲೇ ಇದ್ದರೆ ಅದಕ್ಕೆ ಬೇರೆ ದಾರಿ ಇಲ್ಲ, ಓಡುತ್ತದೆ.

ಆಮೇಲೆ ವಾಕ್‌ನಲ್ಲಿ, ಸವಾರಿ ಅಂಗಳದ ಗೋಡೆಯಿಂದ ಸುಮಾರು 5 ಮೀಟರ್ ಒಳಗಿನ ಗೆರೆಯಿಂದ ಗೋಡೆ ಕಡೆಗೆ. ಕುದುರೆಗಳಿಗೆ ಗೋಡೆ ಅಂದರೆ ಇಷ್ಟ, ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ. ಮೂರು ಹೆಜ್ಜೆ ಅಡ್ಡ, ಮೂರು ಹೆಜ್ಜೆ ನೇರ. ಒಂದೇ ಸಲ ಗೋಡೆ ಮುಟ್ಟಿಸುವ ಹಟ ಬೇಡ.

ಉತ್ತರ 2:
ಯಾವಾಗ ಒತ್ತಬೇಕು ಅನ್ನುವುದನ್ನು ಯಾರೂ ಹೇಳಿಕೊಡುವುದಿಲ್ಲ. ವಾಕ್‌ನಲ್ಲಿ ಎಡ ಹಿಂಗಾಲು ನೆಲ ಬಿಟ್ಟು ಮುಂದೆ ಬರುವಾಗ ಹೊಟ್ಟೆ ಬಲಕ್ಕೆ ತೂಗುತ್ತದೆ, ಸವಾರಳ ಎಡಗಾಲು ತಾನಾಗಿಯೇ ಒಳಕ್ಕೆ ಬೀಳುತ್ತದೆ. ಒತ್ತಬೇಕಾದ್ದು ಆಗ. ಹಿಂಗಾಲು ನೆಲ ಊರಿದ ಮೇಲೆ ಎಷ್ಟು ಒತ್ತಿದರೂ ಸುಮ್ನೆ, ಭಾರ ಹೊತ್ತ ಕಾಲನ್ನು ಅದು ದಾಟಿಸುವುದಾದರೂ ಹೇಗೆ? ನೀವು ಕುದುರೆ ಹಿಡಿದು ನಡೆಸಿ, ಅವಳು ಕಣ್ಣು ಮುಚ್ಚಿ "ಈಗ, ಈಗ" ಅನ್ನಲಿ.

ಇನ್ನೊಂದು, ಒತ್ತುವಾಗ ಅವಳ ಹಿಮ್ಮಡಿ ಮೇಲಕ್ಕೆ ಬರುತ್ತಿದೆಯಾ ನೋಡಿ. ಬಂದರೆ ಸೊಂಟವೂ ಆ ಕಡೆ ಕುಸಿದಿರುತ್ತದೆ.

ಉತ್ತರ 3:
ನನ್ನ ಕೇಳಿದರೆ ಲೆಗ್ ಯೀಲ್ಡ್‌ಗೆ ಜಾಸ್ತಿ ದಿನ ಹಾಕಬೇಡಿ. ಅದರಲ್ಲಿ ಮೈ ನೇರ, ಬಾಗು ಇಲ್ಲ. 10 ಮೀಟರ್ ವೃತ್ತ ಹಾಕಿ ಅದೇ ಬಾಗಿನಲ್ಲಿ ಗೋಡೆ ಪಕ್ಕ ಕುದುರೆಯ ಭುಜ ಮಾತ್ರ ಒಳಕ್ಕೆ ತಂದು ನಡೆಸುವ ಶೋಲ್ಡರ್ ಇನ್‌ಗೆ ಹೋಗಿ. 18ನೇ ಶತಮಾನದಲ್ಲಿ ಫ್ರಾನ್ಸಿನ ಸವಾರಿ ಗುರು ಗೆರಿನಿಯೇರ್ ಹೇಳಿಕೊಟ್ಟಿದ್ದು ಇದನ್ನೇ.

ಉತ್ತರ 1:
ಒಪ್ಪುವುದಿಲ್ಲ. ಒಂದು ಲಗಾಮು ಎಳೆಯುವವಳಿಗೆ ಶೋಲ್ಡರ್ ಇನ್ ಕೊಟ್ಟರೆ ಬರುವುದು ನೆಕ್ ಇನ್, ಕತ್ತು ಮಾತ್ರ ಒಳಕ್ಕೆ! ಗೆರಿನಿಯೇರ್ ಶಿಷ್ಯರಿಗೆ ಕಲಿತ ಕುದುರೆ ಸಿಗುತ್ತಿತ್ತು ಅನ್ನಿಸುತ್ತದೆ, ಇಲ್ಲಿ ಇಬ್ಬರೂ ಹೊಸಬರು.

ಪ್ರಶ್ನೆ ಕೇಳಿದವರು:
ನಿಂತಲ್ಲೇ ಮಾಡಿಸಿದೆ. ಎಡಗೈ ಒಂದು ಇಂಚು ಮುಂದೆ ಬಿಡು ಅಂದೆ, ಬಿಟ್ಟಳು. ಎಡ ಹಿಂಗಾಲು ಬಲಗಾಲಿನ ಮುಂದೆ ದಾಟಿತು, ಎರಡು ಸಲ. ಮೂರನೇ ಸಲ ಖುಷಿಗೆ ಮತ್ತೆ ಎಳೆದಳು.