ಹುಡುಕಿದಾಗ ಫೈಲಿನ ದಾರಿ (ಯಾವ ಫೋಲ್ಡರಿನದ್ದು ಅಂತ ಹೇಳುವ ವಿಳಾಸ) ಕಾಣುವುದೇ ಇಲ್ಲ, ನೀವೆಲ್ಲ ಏನು ಮಾಡುತ್ತೀರಿ?

ಬದಿಯಡ್ಕದಿಂದ: ಯಕ್ಷಗಾನ ಕವಿ ಪಾರ್ತಿಸುಬ್ಬನ ಪ್ರಸಂಗಗಳನ್ನು ಟೈಪ್ ಮಾಡಿಡುತ್ತಿದ್ದೇನೆ. ಪಂಚವಟಿ, ಸೇತುಬಂಧನ, ಅಂಗದ ಸಂಧಾನ, ಹೀಗೆ ಒಂದೊಂದಕ್ಕೆ ಒಂದು ಫೋಲ್ಡರ್. ಒಳಗಿನ ಫೈಲಿಗೆ ಮಾತ್ರ ಎಲ್ಲ ಕಡೆ ‘ಪದ್ಯ’ ಅಂತಲೇ ಹೆಸರು. ವಿಎಸ್ ಕೋಡ್ ಎಡಿಟರಿನಲ್ಲಿ ‘ತ್ರಿವುಡೆ’ ತಾಳದ ಹೆಸರು ಹುಡುಕಿದರೆ ಬದಿಯ ಪಟ್ಟಿಯಲ್ಲಿ ಪದ್ಯ, ಪದ್ಯ, ಪದ್ಯ! ಯಾವ ಪ್ರಸಂಗದ್ದು ಅಂತ ಹೇಳುವ ಭಾಗ ಮಸುಕಾಗಿ ಅರ್ಧಕ್ಕೆ ಕತ್ತರಿಸಿಹೋಗಿರುತ್ತದೆ. ಉಪಾಯ ಉಂಟಾ?

ಉಪ್ಪಳದಿಂದ: ಅದರ ಕ್ರಮವೇ ಹಾಗೆ ಮಾರಾಯ್ರೆ, ಹೆಸರು ಮುಂದೆ, ದಾರಿ ಹಿಂದೆ. ಪಟ್ಟಿ ಕಿರಿದಾದರೆ ಮೊದಲು ಮಾಯವಾಗುವುದು ದಾರಿಯೇ. ಪಟ್ಟಿಯ ಮೇಲ್ಗಡೆ ‘ವ್ಯೂ ಆಸ್ ಟ್ರೀ’ ಬಟನ್ ಉಂಟು, ಒತ್ತಿದರೆ ಫೋಲ್ಡರ್ ಮೇಲೆ, ಫೈಲ್ ಅದರಡಿ ಬರುತ್ತದೆ. ನನಗೆ ಅದಕ್ಕಿಂತ ಸರ್ಚ್ ಎಡಿಟರ್ ಹಿತ. ಫಲಿತಾಂಶ ಅಗಲವಾದ ಟ್ಯಾಬಿನಲ್ಲಿ ತೆರೆಯುತ್ತದೆ. ದಾರಿಗೇ ಒಂದು ಸಾಲು, ಅದರ ಕೆಳಗೆ ಸಿಕ್ಕಿದ ಸಾಲುಗಳು ನಂಬರ್ ಸಮೇತ. ಹಿಂದುಮುಂದಿನ ಸಾಲುಗಳನ್ನೂ ತೋರಿಸಲು ಹೇಳಬಹುದು. ತಾಳದ ಹೆಸರು ಹುಡುಕುವವರಿಗೆ ಇದು ಬೇಕೇ ಬೇಕು, ಪದ್ಯ ಶುರುವಾಗುವುದು ಅದರ ಕೆಳಗಲ್ಲವಾ?

ಮಂಜೇಶ್ವರದಿಂದ: ನಾನು ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ಗಿರಾಕಿ. ರಿಪ್‌ಗ್ರೆಪ್ ಅನ್ನುವ ಹುಡುಕುವ ಪ್ರೋಗ್ರಾಮ್ ಪರದೆಯ ಮೇಲೆ ದಾರಿಯನ್ನು ಒಮ್ಮೆ ಮಾತ್ರ ತಲೆಬರಹದ ಹಾಗೆ ತೋರಿಸುತ್ತದೆ. ಅದನ್ನೇ ಪೈಪಿನಲ್ಲಿ ಬೇರೆ ಪ್ರೋಗ್ರಾಮಿಗೆ ಕಳಿಸಿದರೆ ತಲೆಬರಹ ಹೋಗಿ ಪ್ರತಿ ಸಾಲಿಗೂ ದಾರಿ ಅಂಟಿಕೊಳ್ಳುತ್ತದೆ. ಸಾಲಿನ ನಂಬರ್ ಆಗ ತಾನಾಗಿ ಬರುವುದಿಲ್ಲ, ಕೇಳಿ ಹಾಕಿಸಿಕೊಳ್ಳಬೇಕು. ವಿಮ್‌ನಂಥ ಎಡಿಟರಿಗೆ ‘ದಾರಿ, ಕೋಲನ್, ನಂಬರ್’ ಪ್ರತಿ ಸಾಲಿನಲ್ಲೂ ಇದ್ದರೇ ಅನುಕೂಲ, ಅದನ್ನು ಓದಿಯೇ ಅದು ಜಾಗಕ್ಕೆ ಹಾರುವುದು. ಓದುವ ನಮ್ಮ ಕಣ್ಣಿಗೆ ಅದೇ ಕಿರಿಕಿರಿ.

ಕುಂಬಳೆಯಿಂದ: ಈಮ್ಯಾಕ್ಸ್ ಎಡಿಟರಿನಲ್ಲಿ ಎರಡೂ ಒಟ್ಟಿಗೆ ಸಿಗುತ್ತದೆ. 2025ರಲ್ಲಿ ಬಂದ 30ನೇ ಆವೃತ್ತಿಯಲ್ಲಿ ‘ಗ್ರೆಪ್-ಯೂಸ್-ಹೆಡಿಂಗ್ಸ್’ ಆನ್ ಮಾಡಿ. ದಾರಿ ತಲೆಬರಹಕ್ಕೆ ಹೋಗುತ್ತದೆ, ಎಂಟರ್ ಒತ್ತಿದರೆ ಹಾರುವುದೂ ತಪ್ಪುವುದಿಲ್ಲ.

ಪೆರ್ಲದಿಂದ: ಕನ್ನಡದಲ್ಲೇ ಫೋಲ್ಡರ್ ಹೆಸರಿಟ್ಟವರಿಗೆ ಇನ್ನೊಂದು ಪೀಡೆ ಉಂಟು. ಫೈಲುಗಳ ಬದಲಾವಣೆಯ ದಾಖಲೆ ಇಡುವ ಗಿಟ್‌ನ ಹುಡುಕುವ ಆಜ್ಞೆ ಗಿಟ್ ಗ್ರೆಪ್ ಬಳಸಿದರೆ ದಾರಿಯ ಬದಲು ಬರೀ ಅಂಕಿಗಳ ಸಾಲು ಬರುತ್ತದೆ. ‘ಕ’ ಇದ್ದಲ್ಲಿ \340\262\225! ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಗಿಟ್ ಅವನ್ನು ಒಂದೊಂದಾಗಿ ಅಷ್ಟಮಾನ ಅಂಕಿಯಲ್ಲಿ ಬರೆದುಬಿಡುತ್ತದೆ. ‘ಪಂಚವಟಿ’ ಎಷ್ಟುದ್ದ ಆದೀತು ಲೆಕ್ಕ ಹಾಕಿ. ಫೈಲ್ ಏನೂ ಕೆಟ್ಟಿರುವುದಿಲ್ಲ, ಗಾಬರಿ ಬೇಡ. ಗಿಟ್ ಕಾನ್ಫಿಗ್‌ನಲ್ಲಿ ‘ಕೋರ್.ಕೋಟ್‌ಪಾತ್’ ಅನ್ನು ‘ಫಾಲ್ಸ್’ ಮಾಡಿ, ಅಕ್ಷರ ಸರಿಯಾಗಿ ಕಾಣುತ್ತದೆ.

ನೀರ್ಚಾಲಿನಿಂದ: ಇಷ್ಟೆಲ್ಲ ಯಾಕೆ? ಫೈಲಿಗೇ ‘ಪಂಚವಟಿ-ಪದ್ಯ’ ಅಂತ ಹೆಸರಿಟ್ಟರೆ ಮುಗಿಯಿತಲ್ಲ.

ಬದಿಯಡ್ಕದಿಂದ: ಪುಸ್ತಕ ಜೋಡಿಸುವ ಸ್ಕ್ರಿಪ್ಟ್ ‘ಪದ್ಯ’ ಹೆಸರನ್ನೇ ನಂಬಿ ಕೂತಿದೆ, ಈಗ ಬದಲಿಸುವ ಹಾಗಿಲ್ಲ. ಸರ್ಚ್ ಎಡಿಟರ್ ತೆರೆದು ನೋಡಿದೆ, ಪ್ರಸಂಗದ ಹೆಸರು ಪೂರ್ತಿ ಕಾಣುತ್ತಿದೆ. ಹಿಂದುಮುಂದಿನ ಸಾಲಿನ ಸಂಖ್ಯೆ ಎಲ್ಲಿ ಬದಲಿಸುವುದು, ಉಪ್ಪಳದವರೇ?

ಉಪ್ಪಳದಿಂದ: ಹುಡುಕುವ ಪೆಟ್ಟಿಗೆಯ ಬಲಬದಿಯಲ್ಲೇ ಉಂಟು.