ರೆಕಾರ್ಡಿಂಗಿನಲ್ಲಿ ತಾನಾಗಿ ಸೇರಿಕೊಂಡ ಸದ್ದಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಉಡುಪಿಯಲ್ಲಿ ನಾವು ನಾಲ್ಕೈದು ಜನ ವಾರಕ್ಕೊಮ್ಮೆ ಕೂತು ಜಾಝ್ ಕೇಳುತ್ತೇವೆ. ಕಳೆದ ವಾರ ಹಾಕಿದ್ದು ಬಿಲ್ ಎವನ್ಸ್ ಅವರ ಪಿಯಾನೋ. 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ರೆಕಾರ್ಡ್ ಆದದ್ದು. ಅದರಲ್ಲಿ ಗ್ಲಾಸುಗಳು ಟಿಣ್ ಎನ್ನುತ್ತವೆ, ಯಾರೋ ಮಾತಾಡುತ್ತಾರೆ. ಸ್ಕಾಟ್ ಲಫಾರೋ ಅವರ ಬಾಸ್ ಮೆಲ್ಲಗಾದಾಗ ಅದು ಇನ್ನೂ ಜಾಸ್ತಿ ಕೇಳುತ್ತದೆ. ಯಾರೂ ಬೇಕೆಂದು ಸೇರಿಸಿದ್ದಲ್ಲ. ಆದರೂ ಅದಿಲ್ಲದೆ ಆ ಸಂಗೀತ ನನಗೆ ಪೂರ್ತಿ ಅನ್ನಿಸುವುದಿಲ್ಲ.

'ಗದ್ದಲ' ಅಂದರೆ ಆಗಲೇ ದೂರು ಹೇಳಿದ ಹಾಗೆ. 'ಅಪಸ್ವರ' ನುಡಿಸುವವರ ತಪ್ಪು. 'ಅಪಶಬ್ದ'ಕ್ಕೆ ವ್ಯಾಕರಣದಲ್ಲಿ ಬೇರೆಯೇ ಅರ್ಥ. ಗೆಳೆಯರೊಬ್ಬರು 'ಹಿನ್ನೆಲೆ ಸದ್ದು' ಅಂದರು. ಆದರೆ ಸಿನಿಮಾದ ಹಿನ್ನೆಲೆ ಸಂಗೀತ ಯಾರೋ ಯೋಚಿಸಿ ಕೂರಿಸಿದ್ದು, ಅಲ್ವಾ?

ನಮ್ಮ ಮನೆಯಲ್ಲಿ ಹಳೆಯ ಯಕ್ಷಗಾನ ಕ್ಯಾಸೆಟ್ಟುಗಳಿವೆ. ಮಾವ ಬಯಲಾಟಕ್ಕೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ಮಾಡಿದ್ದು. ಒಂದು ಕಡೆ ಭಾಗವತರು ಪದ್ಯ ಎತ್ತುವಾಗಲೇ ದೂರದಲ್ಲಿ ಗರ್ನಾಲು ಸಿಡಿಯುತ್ತದೆ, ಹತ್ತಿರದಲ್ಲೇ ಮಗುವೊಂದು ಬೆಚ್ಚಿ ಅಳುತ್ತದೆ. ಅಮ್ಮ ಈಗಲೂ ಆ ಜಾಗ ಬರುವುದನ್ನೇ ಕಾಯುತ್ತಾರೆ. ಬೇರೆಯವರು ಅದೇ ಪದ್ಯ ಹಾಡಿದಾಗ ಅಮ್ಮನಿಗೆ ಅಲ್ಲಿ ಏನೋ ಖಾಲಿ. ಅದಕ್ಕೆ ಅವರು ಹೇಳುವುದು 'ಎಡೆಯಲ್ಲಿ ಬಂದ ಸದ್ದು' ಅಂತ.

ಹಾಗಾಗಿ 'ಎಡೆಸದ್ದು' ಅನ್ನಬಹುದೇ? ಕರಾವಳಿಯಲ್ಲಿ ಎಡೆ ಅಂದರೆ ನಡುವೆ. ಘಟ್ಟದ ಮೇಲಿನವರಿಗೆ ಹಬ್ಬದ ದಿನ ಇಡುವ ಎಡೆಯೇ ಮೊದಲು ನೆನಪಾಗುತ್ತದೋ ಏನೋ. ಆದರೆ 'ಎಡೆಬಿಡದೆ ಮಳೆ ಸುರಿಯಿತು' ಎಲ್ಲರಿಗೂ ಗೊತ್ತು. ಅದೇ ಎಡೆ ಇದು.

ಒಂದು ತೊಡಕಿದೆ. 1952ರ ಆಗಸ್ಟ್ 29ರಂದು ಅಮೆರಿಕದ ವುಡ್‌ಸ್ಟಾಕ್‌ನಲ್ಲಿ ಡೇವಿಡ್ ಟ್ಯೂಡರ್ 4 ನಿಮಿಷ 33 ಸೆಕೆಂಡ್ ಪಿಯಾನೋ ಮುಂದೆ ಏನೂ ನುಡಿಸದೆ ಕೂತರು. ಜಾನ್ ಕೇಜ್ ಅವರ ರಚನೆ ಅದು, ಜಾಝ್ ಅಲ್ಲ. ಜನ ಕೇಳಿದ್ದು ಗಾಳಿ, ಮಾಡಿನ ಮೇಲೆ ಬಿದ್ದ ಮಳೆ ಹನಿ. ಅಲ್ಲಿ ಎಡೆಯೇ ಇಲ್ಲ, ಬಂದ ಸದ್ದೇ ಎಲ್ಲ. ಅದಕ್ಕೆ 'ಒದಗಿದ ಸದ್ದು' ಹೊಂದಬಹುದೇ? ಒದಗು ಅಂದರೆ ಸುಮ್ನೆ ಬರುವುದಲ್ಲ, ಹೊತ್ತಿಗೆ ಸರಿಯಾಗಿ ಬಂದು ಕೈಹಿಡಿಯುವುದು. ನನಗೆ ಇದು ತುಂಬಾ ಇಷ್ಟವಾಗಿದೆ. ಎರಡಕ್ಕೂ ಬೇರೆ ಬೇರೆ ಪದ ಬೇಕೋ, ಒಂದೇ ಸಾಕೋ ಹೇಳಿ.

ಮಂಗಳೂರು ಆಕಾಶವಾಣಿಯಲ್ಲಿ ಧ್ವನಿಮುದ್ರಣ ಮಾಡಿದವರು ಇಲ್ಲಿದ್ದರೆ ಒಂದು ಮಾತು: ಹೊರಗಿನ ಸದ್ದು ಒಳಗೆ ನುಗ್ಗಿದಾಗ ನೀವು ನೀವೇ ಅದಕ್ಕೆ ಏನನ್ನುತ್ತಿದ್ದಿರಿ?